ತಿರುವಿ ಹಚ್ಚಿದ ಕಾಲರು

ನಮ್ಮವ್ವ ಓದಿದ್ದು ಮುಲ್ಕಿಯವರೆಗೆ. ಆಮೇಲೆ ಆಕೆ ಬರೆದದ್ದೆಂದರೆ ತವರಿಗೆ ಹಾಕಿದ ಕಾರ್ಡುಗಳು, ಕಿರಾಣಿ ಅಂಗಡಿಯ ಚೀಟಿ, ಮತ್ತೊಂದು ಅಳತೆಯ ನೋಟುಬುಕ್ಕು. ಕಾರ್ಡು, ಚೀಟಿ ಎಲ್ಲಿ ಹೋದವೋ. ನೋಟುಬುಕ್ಕು ಮಾತ್ರ ನನ್ನ ಹತ್ತಿರ ಉಳಿದಿದೆ. ರಟ್ಟು ಕಿತ್ತುಹೋಗಿ, ಕ್ಯಾಲೆಂಡರಿನ ಹಾಳೆಯಿಂದ ಹೊದಿಕೆ ಹಾಕಿಸಿಕೊಂಡು, ಮಷೀನಿನ ಎಣ್ಣೆಯ ಕಲೆ ಹತ್ತಿಸಿಕೊಂಡು ಕೂತಿದೆ.

ಅದರಲ್ಲಿ ಯಾರ ಹೆಸರೂ ಇಲ್ಲ. ನಾನು ‘ದೊಡ್ಡಾಕಿ’, ತಂಗಿ ‘ಸಣ್ಣಾಕಿ’, ತಮ್ಮ ‘ಹುಡುಗ’, ಅಪ್ಪ ‘ಇವರು’. ಗಂಡನ ಹೆಸರನ್ನು ಬಾಯಿಂದ ಆಡದವಳು ಪೆನ್ಸಿಲ್ಲಿನಿಂದಲೂ ಬರೆದಿಲ್ಲ. ಎದಿ, ಸೊಂಟ, ಭುಜ, ತೋಳು, ಉದ್ದ ಎಂದು ಸಾಲಾಗಿ ಬರೆದು ಪಕ್ಕದಲ್ಲಿ ಇಂಚು. ಮಕ್ಕಳ ಪುಟಗಳಲ್ಲಿ ಒಂದು ಅಂಕಿಯ ಮೇಲೆ ಗೀಟು ಹೊಡೆದು ಇನ್ನೊಂದು, ಅದರ ಮೇಲೆ ಗೀಟು ಹೊಡೆದು ಮತ್ತೊಂದು. ಆದರೆ ನನಗೆ ಹಿಡಿಸುವುದು ಅಂಕಿಗಳ ಪಕ್ಕದ ಸಣ್ಣ ಸಣ್ಣ ಟಿಪ್ಪಣಿಗಳು. ಒಂದು ಕಡೆ ‘ಎಡಗಡೆ ಭುಜ ಸ್ವಲ್ಪ ಇಳಿದೈತಿ’ ಎಂದಿದೆ. ಕೆಳಗಿನ ಓಣಿಯ ಅಕ್ಕಾರ ಪುಟದಲ್ಲಿ ‘ಸೊಂಟ ಊಟದ ಮುಂದಿಂದು, ಒಂದು ಇಂಚು ಬಿಡಬೇಕು’. ಅಪ್ಪನ ಪುಟದಲ್ಲಿ ‘ಕೈ ಎತ್ತಿ ಬೋರ್ಡಿಗೆ ಬರೀತಾರ, ಕಂಕುಳ ಸಡ್ಲ ಇರ್ಲಿ’.

“ಅಳತಿ ಟೇಪಿನ್ಯಾಗ ಅರ್ಧ ಇರತೈತಿ. ಇನ್ನರ್ಧ ಮನಷ್ಯಾ ಹೆಂಗ ಕುಂದ್ರತಾನ, ಹೆಂಗ ಏಳ್ತಾನ ನೋಡಿ ತಿಳೀಬೇಕು,” ಅನ್ನುತ್ತಿದ್ದಳು. ಹೊಲಿಗೆ ಕಲಿಸುವ ಪುಸ್ತಕಗಳನ್ನು ಆಮೇಲೆ ಬೇಕಾದಷ್ಟು ಓದಿದ್ದೇನೆ. ಇಷ್ಟು ಉಪಯೋಗದ ಮಾತು ಅವುಗಳಲ್ಲಿ ಸಿಕ್ಕಿಲ್ಲ.

ಮಷೀನು ನಮ್ಮ ಮನೆಗೆ ಬಂದದ್ದು ಅಪ್ಪನ ಪಗಾರದ ಹಿಂಬಾಕಿ ಒಟ್ಟಿಗೆ ಕೈಸೇರಿದ ವರ್ಷ. ಗದಗಿನಿಂದ ಬಸ್ಸಿನ ಮೇಲೆ ಹಗ್ಗ ಕಟ್ಟಿಸಿಕೊಂಡು ಬಂತು. ಕಾಲಿನಿಂದ ತುಳಿಯುವ ಉಷಾ ಮಷೀನು. ಉಷಾ 1930ರ ದಶಕದಲ್ಲಿ ಕಲ್ಕತ್ತದ ಕಾರ್ಖಾನೆಯಲ್ಲಿ ಶುರುವಾದ ಸ್ವದೇಶಿ ಮಷೀನು. ಅದಕ್ಕಿಂತ ಮುಂಚೆ ಹೊಲಿಗೆ ಯಂತ್ರವೆಂದರೆ ಜನಕ್ಕೆ ಗೊತ್ತಿದ್ದದ್ದು ವಿಲಾಯತಿ ಸಿಂಗರ್. ಅಪ್ಪ ಖಾದಿಯ ಅಭಿಮಾನಿ. ಮನೆಗೆ ಯಂತ್ರ ತಂದದ್ದಕ್ಕೆ ಒಂದು ಸಮರ್ಥನೆಯನ್ನೂ ತಂದಿದ್ದರು. ಯಂತ್ರಗಳೆಲ್ಲವನ್ನೂ ವಿರೋಧಿಸುತ್ತೀರಾ ಎಂದು 1924ರಲ್ಲಿ ಒಬ್ಬರು ಕೇಳಿದಾಗ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಪಡುವ ಪಾಡು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದ ಎಂಬ ಕತೆಯನ್ನು ಗಾಂಧೀಜಿ ನಂಬಿದ್ದರು. ಅಪ್ಪ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು ಬೇರೆ. ಐಸಾಕ್ ಸಿಂಗರ್ ನಾಟಕದ ನಟ, 1851ರಲ್ಲಿ ಪೇಟೆಂಟ್ ಪಡೆದದ್ದು ದುಡ್ಡಿನ ಆಸೆಗೆ, ಸಂಸಾರವೂ ಒಂದಲ್ಲ. ಹೆಂಡತಿಯ ಹೊಲಿಗೆ ನೋಡಿ ಮನ ಕರಗಿದ ಕತೆ ಯಾರಿಗಾದರೂ ಹೊಂದುವುದಿದ್ದರೆ ಅವನಿಗಿಂತ ಮುಂಚೆ, 1846ರಲ್ಲಿ, ಪೇಟೆಂಟ್ ಪಡೆದ ಎಲಿಯಾಸ್ ಹೋವೆಗೆ ಹೊಂದೀತು. ಅಪ್ಪನಿಗೆ ಇದನ್ನು ಹೇಳಲಿಲ್ಲ. ಅವರ ಕತೆಯೇ ಚೆನ್ನಾಗಿತ್ತು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಬಿಳಿ ಅಂಗಿ, ಬಿಳಿ ಧೋತರ. ಅಂಗಿಯಲ್ಲಿ ಮೊದಲು ಸೋಲುವುದು ಕಾಲರು. ಕುತ್ತಿಗೆಯ ಬೆವರಿಗೆ, ಗಡ್ಡದ ತರಚಿಗೆ ಮಡಿಕೆಯ ಅಂಚು ಸವೆದು, ಒಳಗಿನ ಗಟ್ಟಿ ಬಟ್ಟೆ ಹಲ್ಲು ಕಿರಿಯುತ್ತದೆ. ಉಳಿದ ಅಂಗಿಯೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಆಗ ಅವ್ವ ಕಾಲರು ತಿರುವಿ ಹಚ್ಚುತ್ತಿದ್ದಳು. ಈಗಿನವರು ಇದನ್ನು ನೋಡಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಧ್ಯಾಹ್ನದ ಕೆಲಸ ಮುಗಿಸಿ, ಪಡಸಾಲೆಯ ಬಾಗಿಲ ಬೆಳಕಿಗೆ ಕೂತು, ಅಪ್ಪ ದಾಡಿ ಮಾಡಿ ಬಿಟ್ಟ ಬ್ಲೇಡಿನ ಅರ್ಧ ತುಂಡನ್ನು ಹಿಡಿಯುವಳು. ಕುತ್ತಿಗೆಗೆ ಸುತ್ತುವ ಪಟ್ಟಿ ಮತ್ತು ಅದರ ಮೇಲೆ ಮಡಚಿ ಬೀಳುವ ಎಲೆ, ಎರಡರ ನಡುವಿನ ಹೊಲಿಗೆಯನ್ನು ಒಂದೊಂದೇ ಕುಣಿಕೆಯಾಗಿ ಕತ್ತರಿಸುವಳು. ಎಳೆದರೆ ಕೆಲಸ ಕೆಟ್ಟಿತು, ಬಟ್ಟೆಯ ನೂಲೇ ಕಿತ್ತು ಬರುತ್ತದೆ. ಎಲೆ ಬಿಡಿಯಾದ ಮೇಲೆ ಹಳೆಯ ದಾರದ ಚೂರುಗಳನ್ನು ಚಿಮುಟದಲ್ಲಿ ಆಯುವಳು. ಎಲೆಯ ನಟ್ಟನಡುವೆ ಒಂದು ಗುರುತು, ಪಟ್ಟಿಯ ನಟ್ಟನಡುವೆ ಒಂದು ಗುರುತು. ಅದಕ್ಕೆ ಅಪ್ಪ ಶಾಲೆಯಿಂದ ಜೇಬಿನಲ್ಲಿ ತರುತ್ತಿದ್ದ ಸೀಮೆಸುಣ್ಣದ ಮೋಟು. ಆಮೇಲೆ ಎಲೆಯನ್ನು ಮಗುಚಿ, ಸವೆದ ಮುಖ ಕೆಳಗೆ, ಇಷ್ಟು ದಿನ ಅಡಿಯಲ್ಲಿ ಅವಿತಿದ್ದ ಹೊಸ ಮುಖ ಮೇಲೆ ಬರುವಂತೆ ಪಟ್ಟಿಯೊಳಗೆ ಸೇರಿಸಿ, ಕಚ್ಚಾ ಹೊಲಿಗೆ ಹಾಕಿ, ಕೊನೆಗೆ ಮಷೀನಿಗೆ. ಹಳೆಯ ಸೂಜಿ ಹೊಕ್ಕ ತೂತುಗಳ ಸಾಲು ಕಾಣದಂತೆ ಒದ್ದೆ ಬೆರಳಿನಿಂದ ಉಜ್ಜಿ ಉಗುರು ಎಳೆಯುವಳು. ಅಂಗಿ ಇನ್ನೂ ವರ್ಷೊಪ್ಪತ್ತು ಬಾಳುತ್ತಿತ್ತು.

ಅಪ್ಪನಿಗೆ ಇದೆಲ್ಲ ಅತಿಯೆನಿಸುತ್ತಿತ್ತು. “ಸಾಲ್ಯಾಗ ನನ್ನ ಕಾಲರ್ ಯಾರ ನೋಡ್ತಾರ, ಬಿಡ.”

“ಹುಡುಗೂರು ಬೋರ್ಡ ನೋಡ್ತಾವು ಅಂತ ತಿಳದೀರೇನು? ಮಾಸ್ತರನ್ನ ನೋಡ್ತಾವು,” ಅನ್ನುವಳು ಅವ್ವ, ತಲೆ ಎತ್ತದೆ.

ನನ್ನ ಪ್ರಕಾರ ಹರಿದದ್ದನ್ನು ಹೊಲಿಯುವುದರಲ್ಲಿರುವ ಸುಖ ಹೊಸದನ್ನು ಹೊಲಿಯುವುದರಲ್ಲಿ ಇಲ್ಲ. ಹೊಸ ಬಟ್ಟೆಗೆ ಮೆಚ್ಚುಗೆ ಬೇಕು. ಹಾಕಿ ತೋರಿಸು, ತಿರುಗು, ಹೇಗಿದೆ, ಎಂದೆಲ್ಲ ಕೇಳುತ್ತೇವೆ. ತೇಪೆಗೆ ಅದಾವುದೂ ಬೇಡ. ಯಾರೂ ಗಮನಿಸಲಿಲ್ಲವೆಂದರೆ ಗೆದ್ದಂತೆ. ಮರುದಿನ ಅಪ್ಪ ಅಂಗಿಯನ್ನು ಏನೂ ಆಗಿಲ್ಲವೆಂಬಂತೆ ತೊಟ್ಟು ಸೈಕಲ್ ಹತ್ತಿದಾಗ ಅವ್ವ ಬಾಗಿಲಲ್ಲಿ ನಿಂತು ಅವರ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಇದನ್ನು ನಾನು ತ್ಯಾಗ ಎಂದು ಕರೆಯಲು ಸಿದ್ಧಳಿಲ್ಲ. ಆಕೆ ಖುಷಿಯಾಗಿರುತ್ತಿದ್ದಳು, ಅಷ್ಟೆ. ಹೆಂಗಸರ ಕೆಲಸವನ್ನೆಲ್ಲ ತ್ಯಾಗದ ಖಾತೆಗೆ ಬರೆಯುವ ನಮ್ಮ ಅಭ್ಯಾಸದಿಂದ ಅವರ ಎಷ್ಟೋ ಸಂತೋಷಗಳು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಪರಕಾರಗಳಿಗೆ ಕೆಳಗೆ ಮೂರು ಮಡಿಕೆ ಕೊಟ್ಟು ಹೊಲಿಯುವುದು, ಜೂನ್ ಬಂದಾಗ ಒಂದೊಂದೇ ಬಿಚ್ಚುವುದು, ಬಿಚ್ಚಿದ ಕಡೆ ಬಣ್ಣ ಮಾಸದ ಗೆರೆ ಕಾಣುವುದು, ಅದನ್ನು ಮುಚ್ಚಲು ಲೇಸು ಹಚ್ಚುವುದು, ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ.

ಆಯಿಯ, ಅಂದರೆ ನಮ್ಮ ಅಜ್ಜಿಯ, ಕೌದಿಯ ಬಗ್ಗೆಯೂ ಹೇಳಬೇಕು. ಆಕೆ ಮಷೀನಿನ ಹತ್ತಿರ ಸುಳಿಯಲಿಲ್ಲ. ಅವಳ ಆಯುಧ ದಪ್ಪ ಸೂಜಿ ಮತ್ತು ಒರಟು ದಾರದ ಉಂಡೆ. ಬೇಸಗೆಯಲ್ಲಿ ಹೊಲದ ಕೆಲಸ ಇಲ್ಲದಾಗ, ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಇಳಕಲ್ ಸೀರೆ, ಧೋತರ, ಕುಬಸ, ನಮ್ಮ ಚಿಂದಿ ಅಂಗಿಗಳನ್ನು ಪಡಸಾಲೆಯಲ್ಲಿ ಹರವುತ್ತಿದ್ದಳು. ಕೌದಿಯ ಬಗ್ಗೆ ಬರೆಯುವವರೆಲ್ಲ ಅದರೊಳಗಿನ ನೆನಪುಗಳ ಬಗ್ಗೆ ಬರೆಯುತ್ತಾರೆ. ಇದು ಅಜ್ಜನ ಧೋತರ, ಇದು ಅವ್ವನ ಮದುವೆ ಸೀರೆ ಎಂದು. ನಮ್ಮ ಆಯಿಗೆ ಆ ಗೋಜಿರಲಿಲ್ಲ. ಆಕೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತುವಳು, ಎಳೆದು ನೋಡುವಳು, ಕೆನ್ನೆಗೆ ಒತ್ತಿ ನೋಡುವಳು. ಗಟ್ಟಿ ಇದ್ದದ್ದು ಕಾಲ ಕಡೆಗೆ, ಯಾಕೆಂದರೆ ಒದೆತ ಬೀಳುವುದು ಅಲ್ಲಿ. ಮೆತ್ತಗಾದದ್ದು ಮುಖದ ಕಡೆಗೆ. ಸೀರೆಯ ದಡಿ ಸುತ್ತ ಅಂಚಿಗೆ. ತೀರ ಜಾಳಾದದ್ದು ಹೊಟ್ಟೆಯೊಳಗೆ, ತುಂಬುವುದಕ್ಕೆ. ಅಜ್ಜ ತೀರಿಕೊಂಡ ವರ್ಷ ಅವರ ಧೋತರ ಬಂತು. ಅದನ್ನೂ ಎಳೆದು ನೋಡಿ, “ಇದು ಮ್ಯಾಲಿಂದಕ್ಕ ಬರೂದಿಲ್ಲ,” ಎಂದು ಒಳಗೆ ಹಾಕಿದಳು.

“ಹೊಸಾ ಅರಿವಿ ಹಾಕೂಣಲ್ಲ ಆಯಿ, ಛಂದ ಕಾಣತೈತಿ,” ಎಂದು ನಾನು ಅಂದದ್ದುಂಟು.

“ಹೊಸಾದು ಚುಚ್ಚತೈತಿ. ನೀರು ಕುಡಿದು ಕುಡಿದು ಮೆತ್ತಗಾದ ಅರಿವೀನ ಬೇಕು ಕೌದಿಗೆ.”

ಪದರಗಳನ್ನು ಒಂದರ ಮೇಲೊಂದು ಹಾಸಿ, ಅಲುಗದಂತೆ ನಾಲ್ಕೂ ಮೂಲೆಗೆ ಕಲ್ಲು ಇಟ್ಟು, ಓಣಿಯ ಹೆಂಗಸರು ಸುತ್ತ ಕೂತು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುವರು. ಸಾಲಿನಿಂದ ಸಾಲಿಗೆ ಬೆರಳಗಲ. ಸಾಲು ಒತ್ತಾದಷ್ಟೂ ಕೌದಿಯ ಆಯುಷ್ಯ ಹೆಚ್ಚು. ಸೂಜಿಗೆ ದಾರ ಪೋಣಿಸಿ ಕೊಡುವುದು ನಮ್ಮ ಪಾಲಿನ ಕೆಲಸ. ಅಲ್ಲಿ ಕೇಳಿದ ಮಾತುಗಳಲ್ಲಿ ಅರ್ಧ ನಮ್ಮ ವಯಸ್ಸಿಗೆ ತಕ್ಕವಲ್ಲ. ಹುಡುಗಿಯರು ಇದ್ದಾರೆಂದು ಒಬ್ಬಾಕೆ ಕೆಮ್ಮಿದರೆ ಇನ್ನೊಬ್ಬಾಕೆ, “ಕೇಳ್ಲಿ ಬಿಡ, ನಾಳೆ ಅವೂ ಕೌದಿ ಹೊಲ್ಯಾವ,” ಅನ್ನುವಳು. ಮಾನವಮಿ ಮುಂದೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವಾಗ ಕೌದಿಯ ನಿಜವಾದ ಭಾರ ಗೊತ್ತಾಗುತ್ತಿತ್ತು. ನೀರು ಕುಡಿದ ಕೌದಿ ಹಿಂಡಲು ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು.

ಎಷ್ಟೋ ವರ್ಷಗಳ ಮೇಲೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಗಳನ್ನು ನೋಡಿದೆ. ಆಫ್ರಿಕದಿಂದ ಬಂದವರ ಸಂತತಿ ಅವರು. ಇಲ್ಲಿನ ಹಳೆಯ ಸೀರೆ, ಅಂಗಿಗಳಲ್ಲೇ ಹೊಲಿಯುತ್ತಾರೆ, ಆದರೆ ಕಣ್ಣಿಗೆ ಹೊಡೆಯುವ ಬಣ್ಣಗಳನ್ನು ಅಂಜಿಕೆಯಿಲ್ಲದೆ ಅಕ್ಕಪಕ್ಕ ಕೂರಿಸುತ್ತಾರೆ. ಒಂದು ಮೂಲೆಯಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋಣವಾಗಿ ಮಡಚಿ ‘ಫುಲ’ ಇಡುತ್ತಾರೆ. ಫುಲ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ ಎಂಬುದು ಅವರ ಲೆಕ್ಕ. ಆ ಕವಂದಿಗಳನ್ನು ಈಗ ವಿದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕುತ್ತಾರೆ. ತೂಗುಹಾಕಲಿ, ಸಂತೋಷ. ಹೊಲಿದವರಿಗೆ ದುಡ್ಡು ಸಿಗಲಿ. ನನಗೆ ಮಾತ್ರ ಗೋಡೆಯ ಮೇಲಿನ ಕೌದಿ ನೋಡಿದರೆ ಅದರ ಕೆಳಗೆ ಯಾರೂ ಮಲಗಿಲ್ಲವಲ್ಲ ಅನಿಸುತ್ತದೆ.

ನಾನಾಗಿ ಹೊಲಿದದ್ದರಲ್ಲಿ ಕೈಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಕೂಸುಗಳ ಬಟ್ಟೆ. ತಂಗಿಯ ಮಗಳ ಹೆಸರಿಡುವ ಕಾರ್ಯಕ್ಕೆ ಗುಳೇದಗುಡ್ಡದ ಖಣದಲ್ಲಿ ಕುಂಚಿಗೆ ಹೊಲಿದೆ. ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನ ಮೇಲೆ ಸೆರಗಿನಂತೆ ಇಳಿಯುವ ಬಟ್ಟೆ ಅದು. ಖಣದ ದಡಿ ಮುಖದ ಸುತ್ತ ಬರಬೇಕು, ಹಿಂದೆ ನೆತ್ತಿಯ ಹತ್ತಿರ ನೆರಿಗೆ ಹಿಡಿಯಬೇಕು. ಒಳಗೆ ಹಳೆಯ ಧೋತರದ ಅಸ್ತರು. ಖಣದ ರೇಷ್ಮೆ ಎಳೆ ಹಸಿಗೂಸಿನ ಕಿವಿಗೆ ತಾಕಬಾರದು. ಕೂಸಿನ ಅಂಗಿಗೆ ಹೊಲಿಗೆಯ ಅಂಚನ್ನು ಹೊರಗೇ ಬಿಡಬೇಕು, ಒಳಗಾದರೆ ಮೈಗೆ ಒತ್ತುತ್ತದೆ. ಗುಂಡಿ ಬೇಡ, ಕಸೆ ಸಾಕು. ಅಂಗಡಿಯ ಅಂಗಿಯಲ್ಲಿ ಕುತ್ತಿಗೆಗೆ ಚುಚ್ಚುವ ಚೀಟಿ ಇಟ್ಟು ಹೊಲಿದವರಿಗೆ ಮಕ್ಕಳಿಲ್ಲವೇನೋ ಎಂದು ಅವ್ವ ಬೈಯುತ್ತಿದ್ದಳು.

ಮಕ್ಕಳಿದ್ದಾರೆ. ಅದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಮಾಗಡಿ ಕಡೆಯ ಹುಡುಗಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಓಡಿದರೆ ಬರುವುದು ಕತ್ತಲಿಗೆ. ಒಂದು ಭಾನುವಾರ ಮೇಲೆ ಬಂದು ನನ್ನ ಮಷೀನನ್ನು ನೋಡಿ ನಕ್ಕಳು. “ಅಕ್ಕಾ, ಇದನ್ನ ತುಳೀಬೇಕಾ? ನಮ್ದು ಕರೆಂಟು, ಮುಟ್ಟಿದ್ರೆ ಓಡುತ್ತೆ.” ಆಮೇಲೆ ಸಂಕೋಚದಿಂದ ವಿಷಯಕ್ಕೆ ಬಂದಳು. ಮಗಳ ಹುಟ್ಟುಹಬ್ಬಕ್ಕೆ ಫ್ರಾಕ್ ಹೊಲಿಯಬೇಕು, ಬಟ್ಟೆ ತಂದಿದ್ದೇನೆ, ಕತ್ತರಿಸಿಕೊಡಿ. “ನಾನು ಲೈನಿನಲ್ಲಿ ಕಫ್ ಮಾತ್ರ ಹೊಲಿಯೋದು. ಪೂರ್ತಿ ಬಟ್ಟೆ ಒಂದೂ ಹೊಲಿದಿಲ್ಲ.”

ಅವಳ ಕೈಯ ವೇಗ ನೋಡಬೇಕಿತ್ತು. ನಾನು ಕತ್ತರಿಸಿಕೊಟ್ಟದ್ದನ್ನು ಕಚ್ಚಾ ಹೊಲಿಗೆಯಿಲ್ಲದೆ, ಪಿನ್ನಿಲ್ಲದೆ, ನೇರ ಸೂಜಿಯ ಕೆಳಗೆ ತಳ್ಳುತ್ತಿದ್ದಳು. ಗೆರೆ ಎಳೆದಂಥ ಹೊಲಿಗೆ. ಅಂಥ ಕೈ ನನ್ನದೂ ಅಲ್ಲ, ಅವ್ವನದೂ ಆಗಿರಲಿಲ್ಲ. ಆದರೆ ಕುತ್ತಿಗೆಯ ಹತ್ತಿರ ಬಂದಾಗ ನಿಲ್ಲಿಸಿಬಿಟ್ಟಳು. ಮಗಳು ನಿದ್ದೆಗಣ್ಣಿನಲ್ಲಿ ಬಟ್ಟೆ ಬಿಚ್ಚುವಾಗ ಅಳುತ್ತಾಳೆ, ಹಿಂದೆ ಇನ್ನೂ ಸ್ವಲ್ಪ ಬಾಯಿ ಬಿಡಿಸಬಹುದಾ ಎಂದು ಕೇಳಿದಳು. ಟಾರ್ಗೆಟ್ಟಿಗೆ ಹೊಲಿಯುವವಳಿಗೆ ಇಡೀ ವಾರ ಕೇಳಲು ಅವಕಾಶವಿಲ್ಲದ ಪ್ರಶ್ನೆ ಅದು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಕಾರ್ಖಾನೆಗಳಲ್ಲಿ ಹೀಗೆ ಕಾಣದ ಮೈಗಳಿಗೆ ತೋಳು, ಕಫ್ಫು, ಕಾಲರು ಹೊಲಿಯುವ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ. ಹೊಲಿಗೆಯ ಸುಖದ ಬಗ್ಗೆ ಬರೆಯುವಾಗ ಇವರನ್ನು ಮರೆತರೆ ಅದು ಪುರುಸೊತ್ತು ಇದ್ದವರ ಮಾತಾಗುತ್ತದೆ.

ಇನ್ನು ಉಳಿತಾಯದ ವಾದ. ಅವ್ವನ ಕಾಲಕ್ಕೆ ಅದು ನಿಜ, ಈಗಲ್ಲ. ಒಳ್ಳೆಯ ಹತ್ತಿ ಬಟ್ಟೆ, ಅಸ್ತರು, ದಾರ, ಗುಂಡಿ ಎಲ್ಲ ಲೆಕ್ಕ ಹಾಕಿದರೆ ಅದೇ ದುಡ್ಡಿಗೆ ರಸ್ತೆ ಬದಿಯಲ್ಲಿ ಎರಡು ಫ್ರಾಕು ಸಿಗುತ್ತವೆ. ಹಾಗಾಗಿ ಉಳಿತಾಯಕ್ಕೆಂದು ಹೊಲಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗದಂಥವು ಕೆಲವಿವೆ, ಅವುಗಳಿಗಾಗಿ ಹೊಲಿಯಬೇಕು.

ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಹೋದಾಗ ನನಗೆ ಅದು ಸರಿಯಾಗಿ ತಿಳಿಯಿತು. ಆಗ ಅವ್ವನ ಕಣ್ಣು ಮಂಜಾಗಿತ್ತು, ಹೊಲಿಗೆ ನನ್ನ ಪಾಲಿಗೆ ಬಂದಿತ್ತು. ಬಿದ್ದ ಕೈಯಿರುವವರಿಗೆ ಅಂಗಿ ತೊಡಿಸುವಾಗ ಆ ಕೈಯನ್ನೇ ಮೊದಲು ತೋಳಿಗೆ ಸೇರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ. ಅದಕ್ಕೆ ಮಾಮೂಲಿ ತೋಳು ಸಾಲದು. ಬಲತೋಳನ್ನು ಬಿಚ್ಚಿ, ಕಂಕುಳಿನಿಂದ ಮೊಣಕೈವರೆಗೆ ಉದ್ದ ಪಟ್ಟಿ ಸೇರಿಸಿ ಅಗಲ ಮಾಡಿದೆ. ಒಂದೇ ಕೈಯಲ್ಲಿ ಗುಂಡಿ ಹಾಕಲು ಆಗದೆಂದು ಕಾಜ ಮುಚ್ಚಿ ಒಳಗೆ ವೆಲ್ಕ್ರೊ ಪಟ್ಟಿ ಹಚ್ಚಿದೆ. ಅಪ್ಪ ಅಂಗಿಯನ್ನು ಆ ಕಡೆ ಈ ಕಡೆ ಮಾಡಿ ನೋಡಿದರು. ಮಾತು ತೊದಲುತ್ತಿತ್ತು. “ಗುಂಡಿ... ಇಲ್ಲದ್ದು... ಎಂಥಾ ಅಂಗಿ?” ಸರಿ, ಬಿಚ್ಚಿದ ಗುಂಡಿಗಳನ್ನೇ ಮುಚ್ಚಿದ ಕಾಜಗಳ ಮೇಲೆ ಸಾಲಾಗಿ ಹಚ್ಚಿದೆ. ಹೊರಗಿನಿಂದ ನೋಡಿದರೆ ಗುಂಡಿ ಹಾಕಿದ ಮಾಸ್ತರರ ಅಂಗಿ, ಒಳಗೆ ಚರ್ ಎಂದು ಬಿಡಿಸುವ ಪಟ್ಟಿ.

ಆದರೂ ಅವರಿಗೆ ಸಮಾಧಾನವಿರಲಿಲ್ಲ. ಎಡಗೈಯನ್ನು ಎಡಗಡೆಯ ಜೇಬಿನ ಹತ್ತಿರ ಒಯ್ದು, ಬೆರಳು ಒಳಗೆ ಹೋಗದೆ, ಕೈಬಿಡುತ್ತಿದ್ದರು. ಯಾಕೆಂದು ಅವ್ವನೇ ಹಾಸಿಗೆಯ ಮೇಲಿಂದ ಹೇಳಿದಳು, ಕಣ್ಣು ಕಾಣದಿದ್ದರೂ. “ಜೇಬು ಬಲಗಡೆ ಹಾಕ ಅವರಿಗೆ. ಪೆನ್ನು ಇಡಾಕ ಬರವಲ್ದು.” ಎಲ್ಲ ಅಂಗಿಗಳ ಜೇಬನ್ನೂ ಎಡದಿಂದ ಬಿಚ್ಚಿ ಬಲಕ್ಕೆ ಹಚ್ಚಿದೆ. ಜೇಬು ಇದ್ದ ಕಡೆ ಬಟ್ಟೆ ಹೊಸದರಂತೆ ಬೆಳ್ಳಗೆ ಚೌಕವಾಗಿ ಉಳಿಯಿತು. ಅಪ್ಪ ಪೆನ್ನು ಸಿಕ್ಕಿಸಿಕೊಂಡು ಜಗಲಿಗೆ ಬಂದು ಕೂತರು. ಎಡಗೈಯಲ್ಲಿ ಸಹಿ ಮಾಡುವುದನ್ನೂ ಆಮೇಲೆ ಕಲಿತರು. ಪಿಂಚಣಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಮಾಸ್ತರರು ಒಪ್ಪಲಿಲ್ಲ.

ಬಲಗಡೆ ಜೇಬಿನ ಅಂಗಿ ಯಾವ ಅಂಗಡಿಯಲ್ಲೂ ನೇತುಹಾಕಿದ್ದನ್ನು ನಾನು ನೋಡಿಲ್ಲ.

ಈಗ ಊರಿಗೆ ಹೋದಾಗೆಲ್ಲ ನೋಡುತ್ತೇನೆ. ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ ಹಳೆಯ ಮಷೀನುಗಳು ಬಿದ್ದಿವೆ. ಕಬ್ಬಿಣದ ಸ್ಟ್ಯಾಂಡನ್ನು ಕಿತ್ತು ಹೋಟೆಲಿನವರು ಟೇಬಲ್ಲು ಮಾಡಿಕೊಳ್ಳುತ್ತಾರೆ, ತಲೆಯನ್ನು ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ನಿಮ್ಮ ಮನೆಯಲ್ಲಿ ಅಂಥದೊಂದು ಇದ್ದರೆ ಇಷ್ಟು ಮಾಡಿ. ಚಕ್ರ ಜಾಮ್ ಆಗಿದ್ದರೆ ಗಾಬರಿ ಬೇಡ, ಬಹುಮಟ್ಟಿಗೆ ಹಳೆಯ ಎಣ್ಣೆ ಅಂಟಾಗಿ ಕೂತಿರುತ್ತದೆ. ಬಾಬಿನ್ ಕೂರುವ ಜಾಗದ ಧೂಳು, ನೂಲಿನ ಜುಂಗನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಿರಿ. ತೂತು ಇರುವಲ್ಲೆಲ್ಲ ಮಷೀನಿನ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಅಡುಗೆ ಎಣ್ಣೆ ಬಿಡಬೇಡಿ, ಇನ್ನಷ್ಟು ಅಂಟಾಗುತ್ತದೆ. ಸೂಜಿ ಬದಲಿಸಿ, ಚರ್ಮದ ಬೆಲ್ಟು ಸಡಿಲವಾಗಿದ್ದರೆ ಒಂದು ತುಂಡು ಕತ್ತರಿಸಿ ಮತ್ತೆ ಸೇರಿಸಿ. ಹೊಲಿಗೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನಿಂತರೆ ಮೇಲಿನ ದಾರದ ಬಿಗಿ ಸಾಲದು ಎಂದರ್ಥ, ಮುಂದಿನ ತಿರುಪನ್ನು ಸ್ವಲ್ಪ ಬಿಗಿ ಮಾಡಿ. ಇಷ್ಟಕ್ಕೂ ಓಡದಿದ್ದರೆ ತಾಲೂಕು ಊರುಗಳಲ್ಲಿ ಇನ್ನೂ ಮಷೀನು ರಿಪೇರಿ ಮಾಡುವವರು ಇದ್ದಾರೆ. ಗುಜರಿಯವನನ್ನು ಕರೆಯುವ ಮೊದಲು ಅವರಿಗೊಮ್ಮೆ ತೋರಿಸಿ.